ಲಿಫ್ಟಣ್ಣನಿಗೆ ಬಂದ ನಗು

ಲಿಫ್ಟ್ ರಿಪೇರಿ ಮಾಡುತ್ತಿದ್ದುದರಿಂದ ಅವನು ಎಲ್ಲರ ಬಾಯಲ್ಲೂ ಲಿಫ್ಟಣ್ಣನೇ. ಕಟ್ಟಡಗಳ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ, ಗ್ರೀಸು ಮೆತ್ತಿದ ಕೈಯನ್ನು ಹಳೇ ಬಟ್ಟೆಗೆ ಒರೆಸಿಕೊಂಡು, ಊಟದ ಬಿಡುವಿನಲ್ಲಿ ಅವನು ಓದುತ್ತಿದ್ದುದು ಒಂದೇ ಜಾತಿಯ ಪುಸ್ತಕ. ಮಂತ್ರವಾದಿಗಳು ಎಡವಟ್ಟು ಮಾಡಿಕೊಳ್ಳುವ, ರಾಕ್ಷಸರು ಸಾಲಿನಲ್ಲಿ ನಿಂತು ಬಸ್ಸಿನ ಟಿಕೆಟ್ ಕೊಳ್ಳುವ ನಗೆ ಕಾದಂಬರಿಗಳು. ಆದರೆ ಓದುವಾಗ ಅವನ ತುಟಿ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಭಾನುವಾರ ಸಂಜೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಇಂಥ ಪುಸ್ತಕದ ಹುಚ್ಚಿನವರು ಐದಾರು ಮಂದಿ ಸೇರಿ, ಆಗ ಓದುತ್ತಿದ್ದುದರ ಬಗ್ಗೆ ಹರಟುತ್ತಿದ್ದರು. ನಿವೃತ್ತರಾದ ಗಣಿತದ ಮೇಷ್ಟ್ರು ಪ್ರತಿ ಪುಸ್ತಕವನ್ನೂ ಹೊಗಳಿ ಅಟ್ಟಕ್ಕೇರಿಸುವರು. ಲಿಫ್ಟಣ್ಣ ಮೆಲ್ಲಗೆ ಕೆಳಗಿಳಿಸುವನು. "ಕಚಗುಳಿ ಇಟ್ಟು ನಗಿಸೋದು ಹಿಂಸೆ ಮೇಷ್ಟ್ರೇ" ಎಂದು ಅವನೆಂದರೆ, ಮೇಷ್ಟ್ರೇ ಮೊದಲು ನಗುತ್ತಿದ್ದರು.

ಅಂಥವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಬಿದ್ದುಹೋಯಿತು. ಅದರ ಜಾಗದಲ್ಲಿ ಕರೆಯದೇ ಬಂದ ನೆಂಟನಂತೆ ನಗು ತಳವೂರಿತು. ಚಮಚ ಬಿದ್ದರೂ ನಗು, ಮೈ ನೊಂದರೂ ನಗು, ಅಳು ಒತ್ತರಿಸಿ ಬಂದರೂ ನಗುವೇ. "ಮೆದುಳಿಗೆ ಪೆಟ್ಟಾದಾಗ ಕೆಲವರಿಗೆ ಹೀಗಾಗುತ್ತೆ. ಅವರು ಖುಷಿಯಾಗಿದಾರೆ ಅಂತ ಅಲ್ಲಮ್ಮ" ಎಂದು ಡಾಕ್ಟರು ಅವನ ಮಗಳಿಗೆ ಹೇಳಿ ಮಾತ್ರೆ ಕೊಟ್ಟರು. ಮಾತ್ರೆಗೂ ನಗು ಬಗ್ಗಲಿಲ್ಲ.

ಮಗಳು ಶಾಲೆಯ ವ್ಯಾನ್ ಓಡಿಸುವವಳು. ಅಪ್ಪನಿಗೆ ಬೇಸರ ಕಳೆಯಲೆಂದು ಒಂದು ಭಾನುವಾರ ಗಾಲಿಕುರ್ಚಿಯಲ್ಲಿ ಅವನನ್ನು ಗ್ರಂಥಾಲಯಕ್ಕೆ ಕರೆತಂದಳು. ಅಂದಿನ ಚರ್ಚೆ ಹಲ್ಲುನೋವು ಬಂದ ಡ್ರ್ಯಾಗನ್ ಒಂದರ ಕಾದಂಬರಿಯದು. ಲಿಫ್ಟಣ್ಣ ಅದನ್ನು ಕಾಯಿಲೆಗೆ ಮುಂಚೆಯೇ ಓದಿದ್ದ. ಮೇಷ್ಟ್ರು ಒಂದು ಪುಟ ಓದಿದ್ದೇ ತಡ, ಲಿಫ್ಟಣ್ಣ ಗಹಗಹಿಸಿದ.

"ನೋಡ್ರಪ್ಪಾ, ಕಡೆಗೂ ಕಲ್ಲು ಕರಗ್ತು!" ಮೇಷ್ಟ್ರು ಕುಣಿದಾಡಿಬಿಟ್ಟರು.

ಹಳಸಲು ಜೋಕು ಎಂದು ಹೇಳಲು ಲಿಫ್ಟಣ್ಣ ಒದ್ದಾಡಿದ. "ಹ... ಹ..." ಎಂಬಲ್ಲಿಗೇ ನಾಲಗೆ ನಿಂತಿತು.

"ಆಹಾ ಅಂತಿದಾನೆ ಪಾಪ!" ಎಂದರು ಮೇಷ್ಟ್ರು.

ಆಗ ಗುಂಪಿನಲ್ಲೊಬ್ಬಳಾದ ಔಷಧಿ ಅಂಗಡಿಯಾಕೆ ಪುಸ್ತಕ ಕೈಗೆತ್ತಿಕೊಂಡಳು. "ನನಗಂತೂ ಇದು ಬರೀ ನಗೆ ಪುಸ್ತಕ ಅನ್ನಿಸ್ಲಿಲ್ಲ. ಆ ಮುದಿ ಮಾಟಗಾತಿ ತನ್ನ ಮಗಳನ್ನೇ ಗುರುತು ಹಿಡಿಯದೆ 'ಯಾರಮ್ಮ ನೀನು' ಅಂತಾಳಲ್ಲ... ನಮ್ಮಮ್ಮನೂ ಕೊನೇಲಿ ಹಾಗೇ ಕೇಳಿದ್ಲು." ಅವಳ ದನಿ ಒಡೆಯಿತು.

ಇಡೀ ಪುಸ್ತಕದಲ್ಲಿ ಲಿಫ್ಟಣ್ಣನ ಕರುಳು ಹಿಂಡಿದ್ದು ಅದೊಂದೇ ಪುಟ. ಕಣ್ಣು ತುಂಬಿದವು. ಜೊತೆಗೇ ಹೊಟ್ಟೆಯೊಳಗಿಂದ ನಗು ನುಗ್ಗಿತು. ಎಡಗೈಯಿಂದ ಬಾಯಿ ಅದುಮಿದ, ತುಟಿ ಕಚ್ಚಿದ. ಬೆರಳ ಸಂದಿಯಿಂದಲೂ ನಗು ಸೋರಿತು. ಆಕೆ ಪುಸ್ತಕ ಮುಚ್ಚಿದಳು. ಮಗಳು ತಡವರಿಸುತ್ತ ಕಾಯಿಲೆಯ ವಿಷಯ ಬಿಡಿಸಿ ಹೇಳಿದಳು.

"ಪರವಾಗಿಲ್ಲ ಬಿಡಣ್ಣ" ಎಂದಳು ಆಕೆ, ಅವನ ಮುಖ ನೋಡದೆ.

ಮುಂದಿನ ಭಾನುವಾರ ಮೇಷ್ಟ್ರು ಅವನ ತೊಡೆಯ ಮೇಲೆ ದಪ್ಪನೆಯ ಪುಸ್ತಕವೊಂದನ್ನಿಟ್ಟರು. ದೀಪಸ್ತಂಭಗಳ ಇತಿಹಾಸ. "ನಿನಗೆ ತ್ರಾಸ ಆಗ್ಬಾರ್ದು ನೋಡು, ಅದಕ್ಕೇ ಇನ್ಮೇಲೆ ನಗೆ ಕಾದಂಬರಿ ಬಂದ್. ಎಲ್ಲರೂ ಒಪ್ಪಿದೀವಿ."

ಔಷಧಿ ಅಂಗಡಿಯಾಕೆ ಅವನ ಜಾರಿದ ಶಾಲನ್ನು ಅಕ್ಕರೆಯಿಂದ ಸರಿಪಡಿಸಿದಳು. ಅವಳ ಮನಸ್ಸು ತಿಳಿಯಾದದ್ದು ಅವನಿಗೆ ಕಂಡಿತು. ಬೇಡ, ನನಗಾಗಿ ನಿಲ್ಲಿಸಬೇಡಿ ಎಂದು ತಲೆಯಾಡಿಸಿದ. ಅಷ್ಟರಲ್ಲಿ ನಗು ಇಡೀ ಮೈಯನ್ನೇ ಹಿಡಿದು ಅಲ್ಲಾಡಿಸಿತು. ಯಾವ ಅಲುಗಾಟ ಯಾವುದೆಂದು ಯಾರಿಗೆ ತಿಳಿಯಬೇಕು?

"ಒಪ್ಕೊಂಡ" ಎಂದರು ಮೇಷ್ಟ್ರು.

ಮಗಳಿಗೆ ಮಾತ್ರ ಅನುಮಾನ ಬಂತು. ಮನೆಗೆ ಬಂದವಳೇ ಡ್ರ್ಯಾಗನ್ನಿನ ಕಾದಂಬರಿ ತೆರೆದು, ಅಪ್ಪನ ಪಕ್ಕ ಕೂತು ಓದತೊಡಗಿದಳು. ಅವನು ನಕ್ಕ. ಅವಳು ಸಾಲಿನ ಮೇಲೆ ಬೆರಳಿಟ್ಟು ನಿಂತಳು.

"ಅಪ್ಪಾ, ನಿಜವಾಗ್ಲೂ ನಗು ಬಂತಾ, ಇಲ್ಲ ಸುಮ್ನೆ ಬಂತಾ? ನಾನು ಹೇಗಪ್ಪಾ ತಿಳ್ಕೊಳ್ಳಲಿ?"

ಅವನು ಅವಳನ್ನೇ ನೋಡಿದ. ನಗು ತಾನಾಗಿ ಇಳಿಯುವ ತನಕ ಇಬ್ಬರೂ ಕಾದರು. ಆಮೇಲೆ ಅವಳು ಮುಂದಿನ ಸಾಲು ಓದಿದಳು.