ಟಾಫಿಗೆ ಕೊಟ್ಟ ಒಂದು ಗಂಟೆ

ನಲವತ್ತು ಕಿಲೋಮೀಟರಿನ ಸವಾರಿ ಸ್ಪರ್ಧೆ ಮುಗಿಸಿ ಬಂದ ನಮ್ಮ ಕುದುರೆ ಟಾಫಿಯನ್ನು ಅಲ್ಲಿನ ಪಶುವೈದ್ಯರು ಪರೀಕ್ಷಿಸಿ, ಎದೆಬಡಿತ ಸರಿಯಾಗಿದೆ, ಕುಂಟುತ್ತಿಲ್ಲ ಎಂದರು. ನಾನು ಕೂಡಲೇ ಕುದುರೆ ಸಾಗಿಸುವ ಟ್ರೇಲರಿನ ಹಿಂಬಾಗಿಲು ತೆರೆದೆ. ಸಂಜೆ ಆರಕ್ಕೆ ಹ್ಯಾರೋ ಪಟ್ಟಣದ ನಮ್ಮ ಮನೆಯಲ್ಲಿ ಔತಣವಿತ್ತು. ನಮ್ಮ ವಂಶದಲ್ಲೇ ಮೊದಲ ಪದವಿ ನನ್ನದು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಲೇ ಆರು ವರ್ಷ ಓದಿ ಪಡೆದದ್ದು. ನೆಂಟರೆಲ್ಲ ಅದಕ್ಕೇ ಬರುವವರಿದ್ದರು.

ಸವಾರಿ ಮಾಡಿದ್ದ ಮಗಳು ಅನ್ವಿತಾ ಮಾತ್ರ ಕುದುರೆಯ ಹಗ್ಗ ಹಿಡಿದು ಅಲ್ಲಾಡಲಿಲ್ಲ. "ನೋ ಅಮ್ಮ, ಅವನಿನ್ನೂ ಸೂಸೂ ಮಾಡಿಲ್ಲ. ಟ್ರೇಲರ್ ಹತ್ತಿದ್ರೆ ಇಳಿಯೋ ತನಕ ಹಿಡ್ಕೊಂಡೇ ನಿಲ್ತಾನೆ, ಹೊಟ್ಟೆ ನೋವು ಬಂದ್ಬಿಡುತ್ತೆ."

"ವೆಟ್‌ಗಿಂತ ನಿಂಗೆ ಜಾಸ್ತಿ ಗೊತ್ತಾ? ಜನ ಕಾಯ್ತಿದ್ದಾರೆ ಕಣೇ!" ಎಂದು ರೇಗಿದೆ.

ಅವಳು ದನಿ ಏರಿಸಲಿಲ್ಲ. "ನೀನು ಓದೋವಾಗ ನಾನು ಆರು ವರ್ಷ ಕಾದಿಲ್ವಾ? ಇವನಿಗೆ ಒಂದು ಗಂಟೆ ಕೊಡಮ್ಮ, ಪ್ಲೀಸ್."

ಟ್ರೇಲರಿನ ಬಾಗಿಲು ಮತ್ತೆ ಮುಚ್ಚಿದೆ. ಅಮ್ಮ ಓದುತ್ತಿದ್ದಾಳೆಂದು ಸದ್ದಿಲ್ಲದೆ ಕಾರ್ಟೂನ್ ನೋಡುತ್ತಿದ್ದ ಮಗು ಅದು. ಬಕೆಟಿನಲ್ಲಿ ನೀರು ತಂದಿಟ್ಟೆ. ಇಬ್ಬರೂ ಸೇರಿ ಟಾಫಿಯನ್ನು ಹುಲ್ಲಿನ ಮೇಲೆ ನಿಧಾನವಾಗಿ ಅಡ್ಡಾಡಿಸಿದೆವು. ಕೊನೆಗೂ ಅವನು ಕಾಲಗಲಿಸಿ ನಿಂತು ಉಚ್ಚೆ ಹೊಯ್ದಾಗ, ನನಗೇ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿಬಿಟ್ಟೆ. ಟಾಫಿಯನ್ನು ಲಾಯಕ್ಕೆ ಸೇರಿಸಿ ಮನೆಗೆ ಬಂದಾಗ ನೆಂಟರು ಉಣ್ಣದೆ ಕಾದಿದ್ದರು.

ಆವತ್ತಿನ ಫೋಟೋ ನಮ್ಮ ಗೋಡೆಯ ಮೇಲಿದೆ. ಅದರಲ್ಲಿ ನನ್ನ ಪದವಿಪತ್ರ ಹಿಡಿದು ನಿಂತಿರುವವಳು ಅನ್ವಿತಾ. ಅವಳ ಅಂಗಿಯ ತುಂಬ ಕುದುರೆಯ ಕೂದಲು.