ಕೆಂಪು ಎಂ.ಜಿ. ಹೋದ ಮೇಲೆ

ಎಗ್ಮೋರ್ ಸ್ಟೇಷನ್ನಿನ ಹತ್ತಿರ ಸದಾನಂದ ರಾಯರ ಹೋಟೆಲಿತ್ತು. ಉಡುಪಿ ಕಡೆಯಿಂದ ಬಂದ ತಂದೆ ಕಟ್ಟಿದ್ದು. ಗಲ್ಲಾದ ಮೇಲೆ ಕೂತ ಸದಾನಂದನನ್ನು ಗಿರಾಕಿಗಳು ದೋಸೆಯ ಬಗ್ಗೆ ಕೇಳಿದ್ದಕ್ಕಿಂತ ಕಾರಿನ ಬಗ್ಗೆ ಕೇಳಿದ್ದೇ ಹೆಚ್ಚು. ಚಹಾ ಕಂಪನಿಯ ಇಂಗ್ಲಿಷ್ ಮ್ಯಾನೇಜರನೊಬ್ಬ ಊರಿಗೆ ಮರಳುವಾಗ ಬಿಟ್ಟುಹೋದ ಎಂ.ಜಿ. ಅದು. ಕೆಂಪು ಬಣ್ಣ, ಎರಡೇ ಸೀಟು, ಮೊಣಕಾಲೆತ್ತರದ ಬಾಗಿಲು, ಮೇಲೆ ಚಾವಣಿಯಿಲ್ಲ. ಭಾನುವಾರ ಬೆಳಿಗ್ಗೆ ಸದಾನಂದ ಅದರಲ್ಲಿ ಶೋಲಾವರಂನ ಕಾರು ರೇಸಿಗೆ ಹೋಗುತ್ತಿದ್ದ. ಒಮ್ಮೆ ತಾನೂ ಓಡಿಸಿ, ಗೆಲ್ಲದೆ, ಗೆದ್ದವನಂತೆ ಹೋಟೆಲಿನವರಿಗೆಲ್ಲ ಜಹಾಂಗೀರು ಹಂಚಿದ್ದ. ಮದುವೆಯಾದ ಮೇಲೆ ಪಕ್ಕದ ಸೀಟು ಹೆಂಡತಿ ವಿನೋದಾಳದಾಯಿತು. ಅವಳು ಸೆರಗನ್ನು ತಲೆಗೆ ಬಿಗಿದುಕೊಂಡು, ಒಂದು ಮಾತೂ ಆಡದೆ ಕೂತಿರುತ್ತಿದ್ದಳು. ಅವಳಿಗೂ ಈ ವೇಗ ಇಷ್ಟವೆಂದೇ ಅವನು ತಿಳಿದಿದ್ದ.

ಅರವತ್ತೊಂದನೆಯ ಇಸವಿಯ ಮಳೆಗಾಲ. ತಿರುವಾನ್ಮಿಯೂರಿನ ದೇವಸ್ಥಾನಕ್ಕೆ ಹೋಗಿ ಇಬ್ಬರೂ ವಾಪಸು ಬರುತ್ತಿದ್ದರು. ಸರ್ವೆತೋಪಿನೊಳಗಿಂದ ಎಮ್ಮೆಗಳ ಹಿಂಡೊಂದು ಏಕಾಏಕಿ ರಸ್ತೆಗಿಳಿಯಿತು. ಸದಾನಂದ ಬ್ರೇಕ್ ತುಳಿದ. ಒದ್ದೆ ರಸ್ತೆಯಲ್ಲಿ ಕಾರು ಬುಗುರಿಯಂತೆ ತಿರುಗಿ ಹಳ್ಳಕ್ಕೆ ಬಿತ್ತು. ಅವನಿಗೆ ತರಚು ಗಾಯವಷ್ಟೆ. ಪಕ್ಕದ ಸೀಟು ಖಾಲಿ. ವಿನೋದಾ ಆಚೆ ಮರಳಿನ ಮೇಲೆ ಬೋರಲು ಬಿದ್ದಿದ್ದಳು. ಅವನು ಕೂಗಿದ, ಅವಳು ಓಗೊಡಲಿಲ್ಲ. ಮತ್ತೆ ಕೂಗಿದ. ಕಡೆಗೆ ಅವಳು ನರಳಿದಳು. ಭುಜದ ಬಳಿಯ ಕಾಲರ್ ಮೂಳೆ ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಆದರೆ ಅವಳು ಓಗೊಡದೆ ಇದ್ದ ಆ ಹೊತ್ತು ಸದಾನಂದನ ಎದೆಯೊಳಗೆ ಕೂತುಬಿಟ್ಟಿತು.

ಜಜ್ಜಿಹೋದ ಕಾರನ್ನು ಮೌಂಟ್ ರೋಡಿನ ಗ್ಯಾರೇಜಿನವರು ಬಂದು ಎಳೆದುಕೊಂಡು ಹೋದರು. ಅವನು ನೋಡಲೂ ಹೊರಗೆ ಬರಲಿಲ್ಲ.

ಮೂಳೆ ಕೂಡಿತು. ಮುಂದಿನ ವರ್ಷ ವಿನೋದಾ ಬಸುರಿಯಾದಳು. ಆಗ ಸದಾನಂದನ ತಾಯಿ ಜಾನಕಮ್ಮ ಸುಮ್ಮನಿರಲಿಲ್ಲ.

"ಬಸುರಿ ಹೆಂಗಸನ್ನು ರಿಕ್ಷಾದಲ್ಲಿ ಕುಲುಕಿಸಿಕೊಂಡು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ ಮಗಾ? ಒಂದು ಒಳ್ಳೆ ಕಾರು ತಕೊ. ಸರಿಯಾದ ಬಾಗಿಲು, ತಲೆ ಮೇಲೊಂದು ಮಾಡು ಎಲ್ಲ ಇರುವಂಥದ್ದು."

ಟಿ. ನಗರದಲ್ಲಿ ಕಾರಿನ ದಲಾಲಿ ಮಾಡುತ್ತಿದ್ದ ಕಿಟ್ಟಣ್ಣ ಅವರ ಊರಿನವನೇ. ಅವನು ವಾರ ವಾರ ಒಂದೊಂದು ಕಾರು ತೋರಿಸಿದ. ಒಂದರ ಬಣ್ಣ ಸದಾನಂದನಿಗೆ ಹಿಡಿಸಲಿಲ್ಲ. ಇನ್ನೊಂದರ ಹಾರ್ನು ಕೀರಲು. ಮತ್ತೊಂದರ ಹಿಂಬದಿ ಗಾಜು ಚಿಕ್ಕದು. ಪ್ರತಿ ಸಲವೂ ಅವನು ಕಾರಿನ ಸುತ್ತ ನಡೆದು, ಬಾನೆಟ್ ತಟ್ಟಿ, ಸ್ಟಿಯರಿಂಗಿನ ಮುಂದೆ ಕೂರದೆಯೇ ಹಿಂತಿರುಗುತ್ತಿದ್ದ.

"ನಿಮ್ಮ ಗಂಡನಿಗೆ ಆ ಕೆಂಪು ಕಾರಿನ ಹುಚ್ಚು ಇನ್ನೂ ಬಿಟ್ಟಿಲ್ಲ ವಿನೋದಕ್ಕ," ಎಂದು ಕಿಟ್ಟಣ್ಣ ನಕ್ಕ.

ಹುಚ್ಚಲ್ಲ, ಅದು ಹೆದರಿಕೆ. ಬೀದಿಯಲ್ಲಿ ಯಾವುದಾದರೂ ಕಾರು ಕಿರ್ರೆಂದು ನಿಂತರೆ ಗಲ್ಲಾದ ಮೇಲೆ ಕೂತವನ ಅಂಗೈ ಬೆವರುತ್ತಿತ್ತು. ರೇಸು ಓಡಿಸಿದವನು ಇದನ್ನು ಯಾರಿಗೆ ಹೇಳುವುದು?

ಒಂದು ಸಲ ಪೆರಂಬೂರಿನ ರೈಲ್ವೆ ಅಧಿಕಾರಿಯೊಬ್ಬರ ಫಿಯೆಟ್ ಮಾರಾಟಕ್ಕಿತ್ತು. ಬೂದು ಬಣ್ಣದ, ಚೊಕ್ಕಟವಾಗಿ ಇಟ್ಟ ಕಾರು. ತಾನೂ ಬರುತ್ತೇನೆಂದು ವಿನೋದಾ ಹಟಹಿಡಿದಳು. ನೆಪ ಹೇಳಲು ಸದಾನಂದನಿಗೆ ಏನೂ ಸಿಗಲಿಲ್ಲ. ಕಿಟ್ಟಣ್ಣ ಹಿಂದೆ ಕೂತ, ವಿನೋದಾ ಪಕ್ಕದಲ್ಲಿ ಕೂತಳು. ಸದಾನಂದ ಕೀಲಿ ತಿರುಗಿಸಿದ.

ಕ್ವಾರ್ಟರ್ಸಿನ ರಸ್ತೆ ದಾಟುವವರೆಗೂ ಎಲ್ಲ ಸರಿಯಿತ್ತು. ಮುಂದೆ ರೈಲ್ವೆ ಗೇಟು. ಗೇಟು ತೆರೆದೇ ಇತ್ತು. ಮುಂದಿನ ಚಕ್ರಗಳು ಹಳಿಯ ಮೇಲೆ ಕುಲುಕಿದ್ದೇ ತಡ, ಅವನ ಕಾಲು ಕ್ಲಚ್ಚಿನಿಂದ ಜಾರಿತು. ಕಾರು ಒಮ್ಮೆ ಜಿಗಿದು, ಹಳಿಗಳ ನಡುವೆ ಆರಿ ನಿಂತಿತು.

ಆಗಲೇ ರೈಲು ಬರುವ ಗಂಟೆ ಬಡಿಯಿತು.

"ಏಯ್! ವಂಡಿಯೆ ತಳ್ಳು! ರೈಲು ವರುದು!" ಗಾಡಿ ತಳ್ಳು, ರೈಲು ಬರುತ್ತಿದೆ ಎಂದು ತಮಿಳಿನಲ್ಲಿ ಕೂಗುತ್ತ ಗೇಟಿನವನು ಕೆಂಪು ಬಾವುಟಕ್ಕಾಗಿ ತನ್ನ ಗೂಡಿನೊಳಗೆ ಓಡಿದ.

ಸದಾನಂದನ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿತ್ತು. ದೂರದ ತಿರುವಿನಲ್ಲಿ ಹೊಗೆ ಕಂಡಿತು. ಕಿಟ್ಟಣ್ಣ ಇಳಿದು ಹಿಂದಿನಿಂದ ತಳ್ಳತೊಡಗಿದ, ಕಾರು ಅಲುಗಲಿಲ್ಲ.

"ವಿನೋದಾ, ಇಳಿ!" ಎಂದು ಸದಾನಂದ ಕಿರುಚಿದ. "ಇಳಿ! ಓಡು!"

ಅವಳು ಇಳಿದಳು. ಓಡುವ ಬದಲು ಕಿಟಕಿಯೊಳಗೆ ಬಗ್ಗಿ ಅವನ ಮುಖದ ಹತ್ತಿರ ಹೇಳಿದಳು: "ಗೇರು ತೆಗೀರಿ. ಗೇರಲ್ಲುಂಟು ಕಾರು."

ಅವನು ಗೇರು ತೆಗೆದ. ಗೇಟಿನವನೂ ಬಾವುಟ ಬಿಟ್ಟು ಓಡಿಬಂದು ಭುಜ ಕೊಟ್ಟ. ಕಾರು ಉರುಳಿ ಹಳಿ ದಾಟಿ ಆಚೆಯ ಇಳಿಜಾರಿನಲ್ಲಿ ನಿಂತಿತು. ವಿನೋದಾ ಅದರ ಹಿಂದೆಯೇ ಆಚೆ ಬಂದಳು. ಸ್ವಲ್ಪ ಹೊತ್ತಿಗೆ ಗೂಡ್ಸ್ ರೈಲು ನೆಲ ನಡುಗಿಸುತ್ತ ಹಾದುಹೋಯಿತು. ಅದರ ಡಬ್ಬಿಗಳು ಮುಗಿಯುವಂತೆಯೇ ಕಾಣಲಿಲ್ಲ.

ಸದಾನಂದ ರಸ್ತೆಬದಿಯ ಹುಣಸೆ ಮರದ ಬುಡದಲ್ಲಿ ಕೂತ. ಗೇಟಿನವನು ಬೈಯುತ್ತಲೇ ಒಂದು ಚೊಂಬು ನೀರು ತಂದುಕೊಟ್ಟ.

"ಕಾರಿಂದು ತಪ್ಪಲ್ಲ," ಎಂದ ಸದಾನಂದ. "ನಂಗೆ ಹೆದರಿಕೆ ವಿನೋದಾ. ಆವತ್ತಿಂದ ಹೆದರಿಕೆ. ಬಣ್ಣ, ಹಾರ್ನು ಎಲ್ಲ ಸುಳ್ಳು ಹೇಳಿದ್ದು."

"ಗೊತ್ತುಂಟು."

"ಗೊತ್ತಿದ್ದೂ ಬಂದೆಯಾ? ಹೊಟ್ಟೆಯಲ್ಲಿ ಮಗು ಇಟ್ಕೊಂಡು?"

ವಿನೋದಾ ಅವನ ಪಕ್ಕದಲ್ಲಿ ಕೂತಳು. "ನಿಮಗೆ ಈಗ ಹೆದರಿಕೆ ಶುರುವಾದದ್ದು. ನಂಗೆ ಮದುವೆಯಾದ ದಿನದಿಂದ ಉಂಟು. ಆ ಕೆಂಪು ಕಾರು ಹತ್ತಿದಾಗಲೆಲ್ಲ ಕಣ್ಣು ಮುಚ್ಚಿ ಗುರುರಾಯರ ಹೆಸರು ಹೇಳ್ತಾ ಇದ್ದೆ. ಆವತ್ತು ಸಹ ಮೆಲ್ಲ ಹೋಗಿ ಅಂತ ಹೇಳಬೇಕು ಅಂತ ಇತ್ತು. ನಿಮ್ಮ ಮುಖದಲ್ಲಿ ಅಷ್ಟು ಸಂತೋಷ ಇತ್ತು ನೋಡಿ, ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ಸದಾನಂದ ಅವಳನ್ನೇ ನೋಡಿದ. ಇಷ್ಟು ವರ್ಷ ಪಕ್ಕದಲ್ಲಿ ಕೂತವಳ ಕಡೆಗೆ ಒಮ್ಮೆಯೂ ತಿರುಗಿ ನೋಡಿರಲಿಲ್ಲವಲ್ಲ ಎನ್ನಿಸಿತು. ಅವನ ಕಣ್ಣು ತುಂಬಿತು.

ಕಿಟ್ಟಣ್ಣ ಮೆಲ್ಲಗೆ ಕೆಮ್ಮಿದ. "ವಾಪಸು ಹೋಗುವಾಗ ನಾನೇ ಓಡಿಸ್ತೇನೆ ಸದಾನಂದಣ್ಣ."

ಸದಾನಂದ ಕೈಚಾಚಿ ಕೀಲಿಯನ್ನು ಕೊಡಲು ಹೋದ. ಮತ್ತೆ ಕೈ ಹಿಂದೆಗೆದ. "ನೀನು ಹೇಳ್ತೀಯಾದರೆ ನಾನು ಓಡಿಸ್ತೇನೆ," ಎಂದ ಹೆಂಡತಿಗೆ. "ಮೆಲ್ಲ ಅಂದ್ರೆ ಮೆಲ್ಲ. ನಿಲ್ಲಿಸಿ ಅಂದ್ರೆ ಅಲ್ಲೇ ನಿಲ್ಲಿಸ್ತೇನೆ."

"ಹೇಳ್ತೇನೆ. ಜೋರಾಗಿಯೇ ಹೇಳ್ತೇನೆ."

ಅದೇ ಗೇಟನ್ನು ಮತ್ತೆ ದಾಟಬೇಕಿತ್ತು. ಹಳಿಯ ಮುಂದೆ ವಿನೋದಾ "ನಿಲ್ಲಿಸಿ" ಎಂದಳು. ನಿಲ್ಲಿಸಿದ. ಇಬ್ಬರೂ ಎರಡೂ ಕಡೆ ನೋಡಿದರು. ಗೇಟಿನವನು ಕೈ ಬೀಸಿದ. "ಈಗ ಹೋಗಿ" ಎಂದಳು. ಸದಾನಂದನ ಅಂಗಿ ಬೆನ್ನಿಗೆ ಅಂಟಿತ್ತು. ಚಕ್ರಗಳು ಒಂದೊಂದಾಗಿ ಕುಲುಕಿ ಆಚೆ ಇಳಿದವು. ಹಿಂದೆ ಬಂದ ಜಟಕಾದವನು ಬೈದು ಮುಂದೆ ಹೋದ.

ಆ ಫಿಯೆಟ್ಟನ್ನೇ ಅವರು ಕೊಂಡರು. ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮಗುವನ್ನು ತರುವ ದಿನ ಸದಾನಂದ ಎಷ್ಟು ನಿಧಾನವಾಗಿ ಓಡಿಸಿದನೆಂದರೆ, ಹಿಂದೆ ಕೂತ ಜಾನಕಮ್ಮನಿಗೆ ನಿದ್ದೆ ಬಂದುಬಿಟ್ಟಿತು. ಅವನ ಹೆದರಿಕೆ ಪೂರ್ತಿ ಹೋಗಲೇ ಇಲ್ಲ. ಮಳೆ ಬಂದ ದಿನ ಕಾರನ್ನು ಹೊರಗೆ ತೆಗೆಯುತ್ತಿರಲಿಲ್ಲ. ಆದರೆ ಯಾರಾದರೂ ಕೇಳಿದರೆ, ತನಗೆ ಭಯವೆಂದು ನೇರವಾಗಿ ಹೇಳುತ್ತಿದ್ದ.