ಆ ಕೊಡದ ನೀರು ಸುರಿದವನು ನಾನು

ದುಗ್ಗಪ್ಪನವರೇ, ನಿಮ್ಮ ಬಲಗಣ್ಣು ಹೋದದ್ದು ಮೆಟ್ಟಿಲು ಜಾರಿ ಬಿದ್ದು ಅಲ್ಲ. ನಾನು ಹೊಡೆದದ್ದಕ್ಕೆ. ಪ್ರಿಂಟರ್ ಸುಟ್ಟದ್ದೂ ನಿಮ್ಮಿಂದಲ್ಲ — ಅದೂ ನನ್ನ ಕೈಯಿಂದಲೇ. ಇವೆರಡೂ ನಿಮಗೆ ಗೊತ್ತು. ಗೊತ್ತಿಲ್ಲದವರು ನಿಮ್ಮ ಹೆಂಡತಿ, ನಿಮ್ಮ ಮಗಳು, ತೋಟದ ಆಳುಗಳು, ನನ್ನ ಮನೆಯವರು. ನಿಮಗೂ ಗೊತ್ತಿಲ್ಲದ್ದು ಒಂದೆರಡಿವೆ. ಅವನ್ನೂ ಹೇಳುತ್ತೇನೆ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯ ಆ ಎಸ್ಟೇಟಿಗೆ ನಾನು ಮ್ಯಾನೇಜರ್, ನೀವು ರೈಟರ್. ಹಾಜರಿ ಬರೆಯುವುದು, ಕಾಗದಪತ್ರ ನೋಡುವುದು ಎಲ್ಲ ನೀವೇ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನಗೆ ಆಗ ಮೂವತ್ತೆರಡು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮ್ಯಾನೇಜರ್ ಅಂದಮೇಲೆ ಅದು ಇರಲೇಬೇಕು ಎಂದುಕೊಂಡಿದ್ದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಒಬ್ಬ ಆಳಿನ ಕೆನ್ನೆಗೆ ಬಾರಿಸಿದ ಸಂಜೆ ನೆಮ್ಮದಿಯಾಗಿ ಊಟ ಮಾಡಿದವನು ನಾನು.

ಆಫೀಸಿನ ಹಳೆಯ ಲೇಸರ್ ಪ್ರಿಂಟರ್ ನಿಮ್ಮ ಕೂಸು. ಇಬ್ಬರು ಹಿಡಿದರೆ ಮಾತ್ರ ಏಳುವಷ್ಟು ಭಾರ. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಒಳಗೆ ಸಿಕ್ಕಿಕೊಳ್ಳುತ್ತದೆಂದು ನೀವು ಕಾಗದದ ಕಟ್ಟನ್ನು ಬಲ್ಬು ಉರಿಯುವ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಡುತ್ತಿದ್ದಿರಿ. ಬೇಸಿಗೆಯಲ್ಲಿ ಬೇರೆ ತೊಂದರೆ. ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಆಫೀಸಿನ ಹಿಂದೆ ತೋಡಿದ್ದ ಅರ್ಥಿಂಗ್ ಗುಂಡಿ ಒಣಗಿ, ಯಾವ ಕಬ್ಬಿಣ ಮುಟ್ಟಿದರೂ ಕೈ ಜುಮ್ಮೆನ್ನುತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಒಂದು ಕೊಡಪಾನ ನೀರನ್ನು ಆ ಗುಂಡಿಗೆ ಸುರಿದು, ಸ್ವಲ್ಪ ಹೊತ್ತು ಕಾದು, ಅಂಗೈ ಹಿಂಭಾಗದಿಂದ ಪ್ರಿಂಟರ್ ಮುಟ್ಟಿ ನೋಡಿ, ಆಮೇಲೆ ಸ್ವಿಚ್ ಒತ್ತುತ್ತಿದ್ದಿರಿ. ನಾನು ಅದನ್ನು ರೈಟರ ಪೂಜೆ ಎಂದು ಎಲ್ಲರೆದುರು ಗೇಲಿ ಮಾಡುತ್ತಿದ್ದೆ.

ಆ ವರ್ಷ ಮಾರ್ಚಿನಲ್ಲಿ ಹೊಸ ಕಂಪ್ಯೂಟರ್ ಬಂತು. ಹಳೆಯ ಪ್ರಿಂಟರಿನ ಕೇಬಲ್ಲಿಗೆ ಬೇಕಾದ ಅಗಲದ ಕಿಂಡಿ ಅದರಲ್ಲಿ ಇರಲಿಲ್ಲ. ಚಪ್ಪಟೆಯ ಸಣ್ಣ ಕಿಂಡಿಗಳಷ್ಟೇ. ನಾನು ಮಂಗಳೂರಿನಿಂದ ಬೇರೆ ಕೇಬಲ್ ತರಿಸಿದೆ. ಒಂದು ತುದಿ ಬೆರಳುಗುರಿನಷ್ಟು. ಇನ್ನೊಂದು ತುದಿ ಅಂಗೈಯ ಅಗಲ, ಸುತ್ತ ಕಬ್ಬಿಣದ ಅಂಚು. ಜೊತೆಗೆ ಬಂದ ಚೀಟಿಯನ್ನು ನಾನು ಓದಲಿಲ್ಲ.

ಅದನ್ನು ಸಿಕ್ಕಿಸಲು ಹೊರಟ ದಿನ ಹನ್ನೊಂದು ಗಂಟೆಗೆ ಹೊರದೇಶದ ಕಾಫಿ ಖರೀದಿದಾರರು ಬರುವವರಿದ್ದರು. ಅವರಿಗೆ ತೋಟದ ವಿವರ ಅಚ್ಚು ಹಾಕಿ ಕೊಡಬೇಕು. ಅದರಲ್ಲಿ ಕೊನೆಯ ಹಾಳೆ — ಈ ತೋಟದಲ್ಲಿ ಕೆಲಸಗಾರರ ಮೇಲೆ ಯಾರೂ ಕೈಮಾಡುವುದಿಲ್ಲ ಎಂಬ ಹೇಳಿಕೆ. ಕೆಳಗೆ ನನ್ನ ರುಜು, ಕೆಲಸಗಾರರ ಪರವಾಗಿ ನಿಮ್ಮ ರುಜು.

ನೀವು ತುಂಬಿದ ಕೊಡಪಾನ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ.

"ಸಾರ್, ಒಂದ್ ನಿಮಿಷ. ಗುಂಡಿಗೆ ನೀರ್ ಹಾಕಿ ಬರ್ತೀನಿ. ಎರಡೂ ಆಫ್ ಮಾಡ್ಕಂಡು ಆಮೇಲೆ ಸಿಕ್ಸಣ."

"ನಿಮ್ಮ ಪೂಜೆ ಸಾಕು ರೈಟ್ರೇ. ಇದು ಹೊಸ ಕಾಲದ್ದು, ಆನ್ ಇದ್ದಾಗ್ಲೇ ಹಾಕದು. ಕೆಳಗಿಡ್ರಿ ಅದನ್ನ."

ನೀವು ಕೊಡವನ್ನು ಗೋಡೆ ಪಕ್ಕ ಇಟ್ಟಿರಿ. ಸಣ್ಣ ತುದಿಯನ್ನು ಕಂಪ್ಯೂಟರಿಗೆ ಹಾಕಿದೆ, ಏನೂ ಆಗಲಿಲ್ಲ. ಆ ಧೈರ್ಯದಲ್ಲಿ ದೊಡ್ಡ ತುದಿಯನ್ನು, ಆನ್ ಇದ್ದ ಪ್ರಿಂಟರಿಗೆ ಒತ್ತಿದೆ. ಚಟ್ ಎಂದು ಕಿಡಿ ಹಾರಿತು. ಸುಟ್ಟ ವಾಸನೆ. ಪ್ರಿಂಟರಿನ ಹಸಿರು ದೀಪ ಆರಿಹೋಯಿತು.

"ಹೇಳಿದ್ನಲ್ಲ ಸಾರ್" ಎಂದಿರಿ. ಮೆತ್ತಗೆ, ಪ್ರಿಂಟರ್ ಕಡೆ ನೋಡುತ್ತಾ. ನನ್ನನ್ನು ಬೈಯಲೂ ಇಲ್ಲ.

ಕೇಬಲ್ಲನ್ನು ಕಿತ್ತು, ಸಣ್ಣ ತುದಿಯನ್ನು ಮುಷ್ಟಿಗೆ ಸುತ್ತಿ ಬೀಸಿದೆ. ಮೊದಲ ಏಟು ಭುಜಕ್ಕೆ ಬಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಎರಡನೆಯದನ್ನು — ನಿಮ್ಮ ಮುಖ ನೋಡಿಕೊಂಡೇ ಬೀಸಿದೆ. ಕೈತಪ್ಪಿ ಬಿದ್ದ ಏಟಲ್ಲ ಅದು. ನೀವು ಮುಖ ಹಿಡಿದುಕೊಂಡು ಮೇಜಿನ ಕೆಳಗೆ ಕುಸಿದ ಮೇಲೂ ಒದ್ದೆ. ಈ ಒಂದು ಸಾಲನ್ನು ಬಿಟ್ಟುಬಿಡೋಣ ಎಂದು ಮೂರು ಸಲ ಅನ್ನಿಸಿತು. ಬಿಡುವುದಿಲ್ಲ.

ರಕ್ತ ನೋಡಿದಾಗ ಕೋಪ ಇಳಿಯಿತು, ಹೆದರಿಕೆ ಹತ್ತಿತು. ನಿಮ್ಮನ್ನು ಎಬ್ಬಿಸಿ ಜಗಲಿಗೆ ತಂದೆ. ಆಳುಗಳ ಮೇಸ್ತ್ರಿ ಓಡಿ ಬಂದ. "ಏನಾಯ್ತು ರೈಟ್ರೇ?" ನೀವು ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದಿರಿ. ನೀವಿದ್ದ ಮನೆ ಎಸ್ಟೇಟಿನದ್ದು. ಅದರಲ್ಲಿ ಯಾರಿರಬೇಕೆಂದು ಹೇಳುವವನು ನಾನು.

"ಮೆಟ್ಲು ಜಾರ್ತು ಮಾರಾಯ" ಎಂದಿರಿ.

ಇನ್ನು ನಿಮಗೆ ಗೊತ್ತಿಲ್ಲದ್ದು. ಮೇಸ್ತ್ರಿ ಜೀಪ್ ತರಲು ಹೋದಾಗ ನಾನು ಒಳಗೆ ಹೋಗಿ ಆ ಕೊಡಪಾನ ಎತ್ತಿಕೊಂಡು ಹಿಂದಿನ ಗುಂಡಿಗೆ ಪೂರ್ತಿ ಸುರಿದೆ. ಖಾಲಿ ಕೊಡವನ್ನು ಗುಂಡಿಯ ಪಕ್ಕ ಉರುಳಿಸಿದೆ. ಬೇಡವೆಂದರೂ ಮೆಷಿನ್ ಆನ್ ಇರುವಾಗಲೇ ರೈಟರು ಗುಂಡಿಗೆ ನೀರು ಸುರಿದರು, ಅದಕ್ಕೇ ಪ್ರಿಂಟರ್ ಸುಟ್ಟಿತು, ಗಾಬರಿಯಲ್ಲಿ ಓಡಿ ಬಿದ್ದರು — ಇದು ನಾನು ಹೇಳಿದ ಕತೆ. ಹಸಿ ಗುಂಡಿ ನೋಡಿದವರೆಲ್ಲ ನಂಬಿದರು. ನಿಮ್ಮ ಹೆಂಡತಿಯೂ ನಂಬಿ ನನ್ನ ಕ್ಷಮೆ ಕೇಳಿದರು. ನಾನು ಪರವಾಗಿಲ್ಲ ಎಂದೆ.

ಜೀಪ್ ಮೂಡಿಗೆರೆ ಸೇರಿದಾಗ ಮೊದಲು ಆಸ್ಪತ್ರೆಗೆ ಹೋಗಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಪೆನ್ ಡ್ರೈವ್ ಜೇಬಿನಲ್ಲಿತ್ತು. ಒಳಗೆ ಜನ ಇದ್ದರು, ಕಾದೆ. ನೀವು ಹೆಗಲ ಮೇಲಿನ ಬೈರಾಸನ್ನು ಕಣ್ಣಿಗೆ ಒತ್ತಿಕೊಂಡು ಜೀಪಿನಲ್ಲೇ ಕೂತಿದ್ದಿರಿ. ಅರ್ಧ ಗಂಟೆಯ ಮೇಲೆ ಹಾಳೆಗಳನ್ನು ತಂದು, ಕೊನೆಯದನ್ನು ನಿಮ್ಮ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟೆ. ರುಜು ಹಾಕಿದಿರಿ. ಹಾಕುವಾಗ ಹಾಳೆಯ ಮೇಲೆ ರಕ್ತ ತೊಟ್ಟಿಕ್ಕಿತು. ನಾನು — ಮತ್ತೆ ಅಂಗಡಿಗೆ ಹೋಗಿ ಆ ಹಾಳೆಯನ್ನು ಇನ್ನೊಮ್ಮೆ ಅಚ್ಚು ಹಾಕಿಸಿ ತಂದು ಇನ್ನೊಮ್ಮೆ ರುಜು ಹಾಕಿಸಿದೆ. ಆಮೇಲೆ ಆಸ್ಪತ್ರೆ. ಯಾವಾಗ ಆದದ್ದು ಎಂದು ಡಾಕ್ಟರು ಕೇಳಿದಾಗ ಈಗಷ್ಟೇ ಎಂದೆ. ಅವರು ಮಂಗಳೂರಿಗೆ ಕಳಿಸಿದರು. ಜೊತೆಗೆ ಬಂದಿದ್ದ ಮೇಸ್ತ್ರಿ ಅದೇ ಜೀಪಿನಲ್ಲಿ ನಿಮ್ಮ ಜೊತೆ ಘಾಟಿ ಇಳಿದ. ನಾನು ಬಾಡಿಗೆ ಜೀಪು ಹತ್ತಿ ಖರೀದಿದಾರರಿಗೆ ಕಾಫಿ ಕೊಡಲು ವಾಪಸಾದೆ. ಅವರು ಆ ಹಾಳೆಯನ್ನು ಓದಿ ತಲೆಯಾಡಿಸಿದರು.

ಕಣ್ಣು ಉಳಿಯಲಿಲ್ಲ. ಆ ಅರ್ಧ ಗಂಟೆ ಹಾಳುಮಾಡದಿದ್ದರೆ ಉಳಿಯುತ್ತಿತ್ತೋ ಇಲ್ಲವೋ — ನಾನು ಯಾವ ಡಾಕ್ಟರನ್ನೂ ಕೇಳಿಲ್ಲ. ಕೇಳಲು ಧೈರ್ಯವಿಲ್ಲ. ಎರಡು ತಿಂಗಳಾದ ಮೇಲೆ, ಒಂದು ಕಣ್ಣಿನ ರೈಟರಿಂದ ಆಫೀಸ್ ಕೆಲಸ ಆಗುವುದಿಲ್ಲವೆಂದು ಹೇಳಿ ನಿಮ್ಮನ್ನು ಕೆಲಸದಿಂದ ತೆಗೆದು ಮನೆಯನ್ನೂ ಬಿಡಿಸಿದೆ. ನೀವು ಕೊಟ್ಟಿಗೆಹಾರದಲ್ಲಿ ಚಹಾ ಅಂಗಡಿ ಹಾಕಿದಿರಿ.

ನೀವು ಹೋದ ಮೇಲೆ ರಿಪೇರಿಯವನೊಬ್ಬ ಬಂದ. ಪ್ರಿಂಟರ್ ಬಿಚ್ಚಿ ನೋಡಿ, "ಏನೂ ಆಗಿಲ್ಲ ಸಾರ್, ಫ್ಯೂಸ್ ಹೋಗಿದೆ ಅಷ್ಟೆ" ಎಂದ. ಹೊಸದು ಹಾಕಿದ. ಎರಡೂ ಆಫ್ ಮಾಡಿ ಅದೇ ಕೇಬಲ್ ಸಿಕ್ಕಿಸಿದ. ಅದರ ಅಂಚಿನಲ್ಲಿ ಒಣಗಿದ್ದುದನ್ನು ತುಕ್ಕು ಎಂದುಕೊಂಡು ಬಟ್ಟೆಯಲ್ಲಿ ಒರೆಸಿದ. ಹಾಳೆ ಸಲೀಸಾಗಿ ಹೊರಗೆ ಬಂತು. ಆಮೇಲೆ ನಾಲ್ಕು ವರ್ಷ ಅದು ಕೆಲಸ ಮಾಡಿತು. ದಿನಾ ಬೆಳಿಗ್ಗೆ ಗುಂಡಿಗೆ ನೀರು ಸುರಿಯುತ್ತಿದ್ದವನು ನಾನೇ.

ಹೋದ ತಿಂಗಳು ನಿಮ್ಮ ಅಂಗಡಿಯ ಮುಂದೆ ನನ್ನ ಜೀಪ್ ಕೆಟ್ಟು ನಿಂತಿತು. ಬೇರೆ ದಾರಿಯಿಲ್ಲದೆ ಒಳಗೆ ಬಂದೆ. ನೀವು ಎಡಗಣ್ಣು ನನ್ನ ಕಡೆಗೆ ಬರುವಂತೆ ಮುಖ ತಿರುಗಿಸಿ ನೋಡಿ, ಬೆಂಚು ಒರೆಸಿ, ಚಹಾ ಕೊಟ್ಟಿರಿ. ಕೊಟ್ಟು ಕೇಳಿದಿರಿ: "ಆ ಪ್ರಿಂಟ್ರು ಆಮೇಲೆ ಸರಿಯಾಯ್ತಾ ಸಾರ್?"

"ಇಲ್ಲ, ಬಿಸಾಕಿದ್ವಿ" ಎಂದೆ. ಅಷ್ಟು ವರ್ಷವಾದ ಮೇಲೂ — ಬಾಯಿಗೆ ಮೊದಲು ಬಂದದ್ದು ಸುಳ್ಳು. ನಿಮ್ಮ ಹೆಂಡತಿ ಒಳಗಿನಿಂದ, "ಇವ್ರು ನೀರು ಸುರೀದೇ ಇದ್ದಿದ್ರೆ ಉಳೀತಿತ್ತೇನೋ" ಎಂದರು. ನೀವು ಒಲೆಯ ಕಡೆ ತಿರುಗಿದಿರಿ. ನಾನು ಚಹಾ ಕುಡಿದೆ.

ಸೋಮವಾರ ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ ಅದೇ ಜಗಲಿಯಲ್ಲಿ ನಿಂತು ಆಳುಗಳೆದುರು ಇದನ್ನು ಓದುತ್ತೇನೆ. ಅಲ್ಲಿಂದ ನಿಮ್ಮ ಅಂಗಡಿಗೆ ಬಂದು ನಿಮ್ಮ ಹೆಂಡತಿಯೆದುರು ಓದುತ್ತೇನೆ. ಆಮೇಲೆ ಠಾಣೆಗೆ ಹೋಗಬೇಕೆಂದರೆ ಹೋಗುತ್ತೇನೆ. ಅದನ್ನು ನೀವು ಹೇಳಿ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಬಾಕಿ ಇದೆ.

ಸರಿಯಾಯಿತು ದುಗ್ಗಪ್ಪನವರೇ. ಹತ್ತೇ ನಿಮಿಷದಲ್ಲಿ ಸರಿಯಾಯಿತು.